ಕಡಲಿಗೆ ಎಣ್ಣೆ ಬಿದ್ದಾಗ: ಕರಾವಳಿ ಗ್ರಾಮ ಪಂಚಾಯತಿಯ ಕರ್ತವ್ಯಗಳು

ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನ ಪಾಠ

ಪಾಠದ ಉದ್ದೇಶ

ಕಡಲಿನಲ್ಲಿ ಹಡಗು ಅಪಘಾತಕ್ಕೀಡಾಗಿ ಎಣ್ಣೆ ಸೋರಿದಾಗ ಅದನ್ನು ನೀರಿನ ಮೇಲೆ ತಡೆಯುವ ಹೊಣೆ ಗ್ರಾಮ ಪಂಚಾಯತಿಯದಲ್ಲ. ಆದರೆ ಆ ಎಣ್ಣೆ ಕೊನೆಗೆ ಬಂದು ಸೇರುವುದು ಯಾವುದೋ ಒಂದು ಗ್ರಾಮದ ದಂಡೆಗೆ. ಅಲ್ಲಿ ದೋಣಿ ಎಳೆಯುವವರು, ಕೈರಂಪಣಿ ಬೀಸುವವರು, ಅಳಿವೆಯಲ್ಲಿ ಕಪ್ಪೆಚಿಪ್ಪು ಹೆಕ್ಕುವವರು, ಮೀನು ಒಣಗಿಸುವವರು ಇದ್ದಾರೆ. ಮೊದಲು ಎಣ್ಣೆಯನ್ನು ಕಾಣುವವರೂ, ಕೊನೆಯವರೆಗೆ ಅದರ ನಷ್ಟವನ್ನು ಹೊರುವವರೂ ಇವರೇ. ಆದ್ದರಿಂದ ಇಂತಹ ಸಂದರ್ಭದಲ್ಲಿ ಪಂಚಾಯತಿ ಮಾಡಬೇಕಾದ ಕೆಲಸ, ಮಾಡಬಾರದ ಕೆಲಸ ಮತ್ತು ಮೊದಲೇ ಸಿದ್ಧವಾಗಿಟ್ಟುಕೊಳ್ಳಬೇಕಾದ ದಾಖಲೆ, ಈ ಮೂರನ್ನು ಸದಸ್ಯರಿಗೆ ಪರಿಚಯಿಸುವುದು ಈ ಪಾಠದ ಉದ್ದೇಶವಾಗಿದೆ.

1. ಇದು ದೂರದ ಸಂಗತಿಯಲ್ಲ

2006ರ ಮೇ 30ರಂದು ‘ಓಷನ್ ಸೆರಾಯಾ’ ಎಂಬ ಸರಕು ಹಡಗು ಕಾರವಾರದ ಬಳಿಯ ಆಯ್ಸ್ಟರ್ ರಾಕ್ ದ್ವೀಪದ ಹತ್ತಿರ ಬಂಡೆಗೆ ಸಿಲುಕಿತು. ಮುಂಗಾರಿನ ಆರಂಭದ ಪ್ರಕ್ಷುಬ್ಧ ಕಡಲಿನಲ್ಲಿ ಹಡಗನ್ನು ಉಳಿಸಿಕೊಳ್ಳಲಾಗಲಿಲ್ಲ. ಸುಮಾರು 650 ಟನ್ ಇಂಧನ ಎಣ್ಣೆ ಸೋರಿದ್ದು, ಕಾರವಾರದ ತೀರವಷ್ಟೇ ಅಲ್ಲದೆ ದಕ್ಷಿಣ ಗೋವಾದ ದಂಡೆಗಳೂ ಅದರಿಂದ ಮಲಿನಗೊಂಡವು. ಅದು ಎಣ್ಣೆ ಸಾಗಿಸುವ ಟ್ಯಾಂಕರ್ ಆಗಿರಲಿಲ್ಲ. ಸೋರಿದ್ದು ಹಡಗಿನ ಸ್ವಂತ ಇಂಧನ. ಎಣ್ಣೆ ಬಂದರು ಇಲ್ಲದ ಊರಿಗೆ ಎಣ್ಣೆಯ ಭಯವಿಲ್ಲ ಎಂಬ ನಂಬಿಕೆ ತಪ್ಪು ಎಂಬುದಕ್ಕೆ ಇದೊಂದೇ ನಿದರ್ಶನ ಸಾಕು.

2022ರ ಜೂನ್‌ನಲ್ಲಿ ಉಳ್ಳಾಲದ ಸಮೀಪ ‘ಪ್ರಿನ್ಸೆಸ್ ಮಿರಾಲ್’ ಹಡಗು ಮುಳುಗಿತು. 15 ಸಿಬ್ಬಂದಿಯನ್ನು ರಕ್ಷಿಸಲಾಯಿತು. ಹಡಗಿನಲ್ಲಿದ್ದ ಸುಮಾರು 220 ಟನ್ ಎಣ್ಣೆ ತೀರದವರ ಆತಂಕಕ್ಕೆ ಕಾರಣವಾಗಿತ್ತು. 2025ರ ಮೇ 25ರಂದು ಕೇರಳದ ಆಲಪ್ಪುಳ ಕರಾವಳಿಯಾಚೆ ‘ಎಂಎಸ್‌ಸಿ ಎಲ್ಸಾ 3’ ಮುಳುಗಿತು. ಅದರಲ್ಲಿ 640ರಷ್ಟು ಕಂಟೇನರ್‌ಗಳು, 367 ಟನ್‌ನಷ್ಟು ಫರ್ನೇಸ್ ಎಣ್ಣೆ, 84 ಟನ್‌ನಷ್ಟು ಡೀಸೆಲ್ ಇದ್ದವು. ಕೇರಳ ಸರ್ಕಾರ ಇದನ್ನು ರಾಜ್ಯ ವಿಪತ್ತು ಎಂದು ಘೋಷಿಸಿತು. ಸುಮಾರು ಎರಡು ವಾರಗಳ ನಂತರ, ಜೂನ್ 9ರಂದು, ಉತ್ತರ ಕೇರಳದಾಚೆಯ ಕಡಲಿನಲ್ಲಿ ‘ವಾನ್ ಹೈ 503’ ಹಡಗಿಗೆ ಬೆಂಕಿ ಹತ್ತಿತು. ಪಾರಾದ 18 ಸಿಬ್ಬಂದಿಯನ್ನು ಮಂಗಳೂರಿಗೆ ಕರೆತರಲಾಯಿತು.

ಈ ನಾಲ್ಕೂ ಘಟನೆಗಳು ಮೇ ಅಂತ್ಯ ಮತ್ತು ಜೂನ್ ತಿಂಗಳಿನಲ್ಲೇ ಸಂಭವಿಸಿರುವುದನ್ನು ಸದಸ್ಯರು ಗಮನಿಸಬೇಕು. ಆ ಕಾಲದಲ್ಲಿ ಗಾಳಿ ಕಡಲಿನಿಂದ ನೆಲದತ್ತ ಬೀಸುತ್ತದೆ. ಅಲ್ಲದೆ ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಕಡಲನ್ನು ನಂಬಿರುವವರು ನಾಡದೋಣಿಯವರು ಮತ್ತು ಅಳಿವೆಯನ್ನು ಆಶ್ರಯಿಸಿದವರು ಮಾತ್ರ. ಆ ದಿನಗಳಲ್ಲಿ ಎಣ್ಣೆ ಬಂದರೆ ಪೆಟ್ಟು ಬೀಳುವುದು ಅತ್ಯಂತ ಚಿಕ್ಕ ದುಡಿಮೆಯವರಿಗೆ.

2. ಎಣ್ಣೆ ನೀರಿನಲ್ಲಿ ಹೇಗೆ ವರ್ತಿಸುತ್ತದೆ

ಡೀಸೆಲ್ ತೆಳುವಾದ ಎಣ್ಣೆ. ಅದರ ಬಹುಭಾಗ ಕೆಲವು ದಿನಗಳಲ್ಲಿ ಆವಿಯಾಗಿ, ಅಲೆಯಲ್ಲಿ ಚದುರಿ ಹೋಗುತ್ತದೆ. ಆದರೆ ಅದರ ಆವಿ ಆರೋಗ್ಯಕ್ಕೆ ಹಾನಿಕರ ಹಾಗೂ ಬೆಂಕಿ ಹತ್ತುವ ಅಪಾಯವಿರುತ್ತದೆ. ದೊಡ್ಡ ಹಡಗುಗಳ ಫರ್ನೇಸ್ ಎಣ್ಣೆ ಗಟ್ಟಿಯಾದುದು. ಅದು ಆವಿಯಾಗುವುದು ಕಡಿಮೆ. ಅಲೆಗಳು ಅದನ್ನು ಕಡೆದಂತೆ ನೀರನ್ನು ಹೀರಿಕೊಂಡು, ಕಂದು ಬಣ್ಣದ ಜಿಗುಟು ಮುದ್ದೆಯಾಗಿ, ಮೂಲ ಗಾತ್ರದ ಮೂರು-ನಾಲ್ಕು ಪಟ್ಟು ಉಬ್ಬುತ್ತದೆ. ನೂರು ಟನ್ ಎಣ್ಣೆ ಸೋರಿತೆಂದು ಕೇಳಿದ ಪಂಚಾಯತಿ, ದಂಡೆಯಲ್ಲಿ ಮುನ್ನೂರು ಟನ್ ಮುದ್ದೆಯನ್ನು ಕಂಡರೆ ಅಚ್ಚರಿಪಡಬೇಕಾಗಿಲ್ಲ. ಕಾಲಕ್ರಮದಲ್ಲಿ ಉಳಿದದ್ದು ಡಾಂಬರು ಉಂಡೆಗಳಾಗಿ ದೂರದ ದಂಡೆಗಳಿಗೂ ಬಂದು ಬೀಳುತ್ತದೆ.

2017ರ ಜನವರಿ 28ರಂದು ಚೆನ್ನೈ ಬಳಿಯ ಎಣ್ಣೂರಿನಲ್ಲಿ ಎರಡು ಹಡಗುಗಳು ಡಿಕ್ಕಿಯಾದಾಗ ಸೋರಿಕೆ ಅತ್ಯಲ್ಪವೆಂದೇ ಮೊದಲು ಭಾವಿಸಲಾಗಿತ್ತು. ದಂಡೆಗೆ ಬಂದ ಎಣ್ಣೆ ಬೇರೆಯೇ ಕಥೆ ಹೇಳಿತು. ಮುದ್ದೆ ಎಷ್ಟು ಗಟ್ಟಿಯಾಗಿತ್ತೆಂದರೆ ಯಂತ್ರಗಳು ಅದನ್ನು ಸುಲಭವಾಗಿ ಎಳೆಯಲಾಗದೆ, ಮೀನುಗಾರರು, ವಿದ್ಯಾರ್ಥಿಗಳು ಮತ್ತು ಸ್ವಯಂಸೇವಕರು ಬಕೆಟ್‌ಗಳಲ್ಲಿ ತುಂಬಿ ಹೊರತೆಗೆಯಬೇಕಾಯಿತು. ಮೊದಲ ದಿನದ ಅಂಕಿಯನ್ನು ಅಂತಿಮವೆಂದು ನಂಬಿ ಸುಮ್ಮನಿರಬಾರದು ಎಂಬುದು ಎಣ್ಣೂರಿನ ಪಾಠ.

ತೇಲುವ ಎಣ್ಣೆ ನೀರಿನ ಸೆಳೆತದ ಜೊತೆಗೆ ಗಾಳಿಯ ವೇಗದ ಸುಮಾರು ಶೇ 3ರಷ್ಟು ವೇಗದಲ್ಲಿ ಗಾಳಿಯ ದಿಕ್ಕಿಗೆ ಸರಿಯುತ್ತದೆ. ಗಂಟೆಗೆ 30 ಕಿ.ಮೀ. ಗಾಳಿಯಿದ್ದರೆ ಎಣ್ಣೆ ಗಂಟೆಗೆ ಸುಮಾರು 0.9 ಕಿ.ಮೀ. ಚಲಿಸುತ್ತದೆ. ಸೆಳೆತವನ್ನು ಬಿಟ್ಟು ಲೆಕ್ಕ ಹಾಕಿದರೆ, 18 ಕಿ.ಮೀ. ದೂರದ ಹಡಗಿನ ಎಣ್ಣೆ ದಂಡೆ ಮುಟ್ಟಲು ಇಪ್ಪತ್ತು ಗಂಟೆ ಸಾಕು. ಇದು ಸ್ಥೂಲ ಲೆಕ್ಕ. ನಿಖರವಾದ ಮುನ್ಸೂಚನೆಯನ್ನು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಸಿದ್ಧಪಡಿಸುತ್ತದೆ. ಅದನ್ನು ಜಿಲ್ಲಾಡಳಿತದಿಂದ ಪಡೆಯಬೇಕು. ಆದರೂ ಪಂಚಾಯತಿಯ ಕೈಯಲ್ಲಿರುವ ಸಮಯ ದಿನಗಳಲ್ಲಲ್ಲ, ಗಂಟೆಗಳಲ್ಲಿರುತ್ತದೆ ಎಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

3. ಯಾರ ಹೊಣೆ ಯಾವುದು

ರಾಷ್ಟ್ರೀಯ ತೈಲ ಸೋರಿಕೆ ವಿಪತ್ತು ಯೋಜನೆಯಂತೆ ಕಡಲಿನಲ್ಲಿ ನಡೆಯುವ ಕಾರ್ಯಾಚರಣೆಯ ಸಮನ್ವಯ ಕೋಸ್ಟ್ ಗಾರ್ಡ್ ಎಂದೇ ಪರಿಚಿತವಾದ ಭಾರತೀಯ ತಟರಕ್ಷಕ ಪಡೆಯದು. ಬಂದರಿನ ಮಿತಿಯೊಳಗೆ ಮೊದಲ ಹೊಣೆ ಆಯಾ ಬಂದರಿನದು. ತೀರದ ಶುಚಿಕಾರ್ಯ ರಾಜ್ಯ ಸರ್ಕಾರದ ಹೊಣೆಯಾಗಿದ್ದು, ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಅದನ್ನು ನಿರ್ವಹಿಸುತ್ತದೆ. ವಿಪತ್ತು ನಿರ್ವಹಣಾ ಅಧಿನಿಯಮ 2005ರ ಕಲಂ 41 ಸ್ಥಳೀಯ ಸಂಸ್ಥೆಗಳಿಗೂ ಕರ್ತವ್ಯಗಳನ್ನು ವಿಧಿಸಿದೆ: ಸಿಬ್ಬಂದಿಗೆ ತರಬೇತಿ, ಸಾಮಗ್ರಿಗಳ ಸಿದ್ಧತೆ, ಮತ್ತು ಜಿಲ್ಲಾ ಯೋಜನೆಗೆ ಅನುಗುಣವಾಗಿ ಪರಿಹಾರ ಹಾಗೂ ಪುನರ್ವಸತಿ ಕಾರ್ಯ. ಆದ್ದರಿಂದ ಪಂಚಾಯತಿ ಪ್ರೇಕ್ಷಕನಾಗುವಂತಿಲ್ಲ. ಪ್ರತ್ಯೇಕವಾಗಿ ತನ್ನಿಷ್ಟದಂತೆ ಕೆಲಸಕ್ಕಿಳಿಯುವಂತೆಯೂ ಇಲ್ಲ.

4. ಮೊದಲ ಇಪ್ಪತ್ತನಾಲ್ಕು ಗಂಟೆ

(ಅ) ಎಣ್ಣೆ ಕಂಡ ಕೂಡಲೇ ಮಾಹಿತಿ ನೀಡುವುದು. ತಟರಕ್ಷಕ ಪಡೆಯ ದೂರವಾಣಿ 1554, ಕರಾವಳಿ ಕಾವಲು ಪೊಲೀಸ್ 1093, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿ 1077. ಕಂಡ ಸ್ಥಳ, ಸಮಯ, ಬಣ್ಣ, ಉದ್ದ-ಅಗಲ, ಗಾಳಿಯ ದಿಕ್ಕು, ಉಬ್ಬರವೋ ಇಳಿತವೋ ಎಂಬುದನ್ನು ತಿಳಿಸಬೇಕು. ಬೆಳ್ಳಿಯ ಹೊಳಪಿನ ಪೊರೆಯಾದರೆ ಎಣ್ಣೆ ಅತಿ ತೆಳು. ಕಪ್ಪು ಅಥವಾ ಕಂದು ಬಣ್ಣವಾದರೆ ದಪ್ಪ ಪದರ.

(ಆ) ಜನರನ್ನು ದೂರವಿಡುವುದು. ಕಂಟೇನರ್, ಪೀಪಾಯಿ, ಚೀಲ ಮುಂತಾದವು ತೇಲಿಬಂದರೆ ಯಾರೂ ಮುಟ್ಟಬಾರದು. ‘ಎಲ್ಸಾ 3’ರ ಕೆಲವು ಕಂಟೇನರ್‌ಗಳಲ್ಲಿ ನೀರು ತಗುಲಿದರೆ ಉರಿಯುವ ಅನಿಲ ಹೊರಸೂಸುವ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ಕೇರಳದಲ್ಲಿ ಅಂತಹ ವಸ್ತುಗಳಿಂದ 200 ಮೀಟರ್ ದೂರವಿರುವಂತೆ ಸೂಚಿಸಲಾಗಿತ್ತು. ಧ್ವನಿವರ್ಧಕದ ಮೂಲಕ ಪ್ರತಿ ಕೇರಿಗೂ ಈ ಎಚ್ಚರಿಕೆ ತಲುಪಬೇಕು.

(ಇ) ಎಣ್ಣೆ ಮುಟ್ಟುವ ಮೊದಲೇ ದಂಡೆಯನ್ನು ಗುಡಿಸುವುದು. ಇದು ಅತ್ಯಂತ ಅಗ್ಗದ, ಅತ್ಯಂತ ಫಲಕಾರಿಯಾದ ಕೆಲಸ. ತೇಲಿಬಂದ ಮರ, ಹರಿದ ಬಲೆ, ಪ್ಲಾಸ್ಟಿಕ್, ಸಮುದ್ರದ ಪಾಚಿ ಇವುಗಳನ್ನು ಉಬ್ಬರದ ರೇಖೆಯ ಮೇಲಕ್ಕೆ ಸಾಗಿಸಿದರೆ ಅವು ಸಾಮಾನ್ಯ ಕಸವಾಗಿಯೇ ಉಳಿಯುತ್ತವೆ. ಎಣ್ಣೆ ಹತ್ತಿದ ಮೇಲೆ ಅವೇ ಅಪಾಯಕಾರಿ ತ್ಯಾಜ್ಯ. ದೋಣಿ, ಬಲೆಗಳನ್ನೂ ಆಗಲೇ ಮೇಲಕ್ಕೆಳೆಸಬೇಕು.

(ಈ) ಎಣ್ಣೆ ಬರುವ ಮೊದಲಿನ ದಂಡೆ, ಅಳಿವೆ, ದೋಣಿಗಳ ಛಾಯಾಚಿತ್ರಗಳನ್ನು ದಿನಾಂಕ ಮತ್ತು ಸ್ಥಳ ದಾಖಲಾಗುವಂತೆ ತೆಗೆಯಬೇಕು. ಇದರ ಬೆಲೆ ಏಳನೆಯ ಭಾಗದಲ್ಲಿ ತಿಳಿಯುತ್ತದೆ.

5. ಅಳಿವೆ, ಗಜನಿ, ಕಾಂಡ್ಲಾ ಕಾಡು

ಮರಳಿನ ದಂಡೆಯನ್ನು ತಿಂಗಳುಗಳಲ್ಲಿ ಶುಚಿಗೊಳಿಸಬಹುದು. ಕೆಸರಿನೊಳಗೆ ಇಳಿದ ಎಣ್ಣೆ ವರ್ಷಗಟ್ಟಲೆ ಉಳಿಯುತ್ತದೆ. ಆದ್ದರಿಂದ ಎಲ್ಲವನ್ನೂ ಕಾಪಾಡಲಾಗದ ಸ್ಥಿತಿ ಬಂದರೆ ಮೊದಲ ಆದ್ಯತೆ ಅಳಿವೆಗೆ ಸಲ್ಲಬೇಕು, ದಂಡೆಗಲ್ಲ. 2024ರಲ್ಲಿ ರಾಮ್ಸಾರ್ ತಾಣವೆಂದು ಮಾನ್ಯತೆ ಪಡೆದ ಅಘನಾಶಿನಿ ಅಳಿವೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅಲ್ಲಿ ಕಪ್ಪೆಚಿಪ್ಪಿನ ನೆಲೆಗಳಿವೆ, ಕಾಂಡ್ಲಾ ಕಾಡುಗಳಿವೆ, ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳಿವೆ, ಸಾಣಿಕಟ್ಟೆಯ ಉಪ್ಪಿನ ಆಗರಗಳಿವೆ. ಇವೆಲ್ಲವೂ ಉಬ್ಬರದ ನೀರನ್ನೇ ಅವಲಂಬಿಸಿವೆ. ಎಣ್ಣೆಯೂ ಅದೇ ನೀರಿನ ಮೇಲೆಯೇ ಒಳಬರುತ್ತದೆ.

ಗಜನಿ ಕಟ್ಟೆಗಳ ಬಾಗಿಲುಗಳನ್ನು ಉಬ್ಬರ ಏರುವ ಮೊದಲೇ ಮುಚ್ಚಿಸಬೇಕು. ಮಳೆಗಾಲದಲ್ಲಿ ಒಳಗಿನ ನೀರು ಹೊರಹೋಗಲೇಬೇಕಾದುದರಿಂದ, ಇಳಿತದ ಹೊತ್ತಿನಲ್ಲಿ ಹೊರಗೆ ಎಣ್ಣೆ ಇಲ್ಲವೆಂದು ಖಚಿತಪಡಿಸಿಕೊಂಡು ತೆರೆಯಬೇಕು. ಬಾಗಿಲು ಯಾರ ವಶದಲ್ಲಿದೆ, ರಾತ್ರಿ ಉಬ್ಬರಕ್ಕೆ ಮುಚ್ಚುವವರು ಯಾರು ಎಂಬ ಪಟ್ಟಿ ಪಂಚಾಯತಿಯಲ್ಲಿರಬೇಕು. ಚಿಕ್ಕ ಕಾಲುವೆಗಳಲ್ಲಿ ನೀರಿನ ಮೇಲ್ಮೈಗೆ ಅಡ್ಡಲಾಗಿ ಹಲಗೆ ನಿಲ್ಲಿಸಿ, ಕೆಳಗಿನಿಂದ ನೀರು ಹರಿಯುವಂತೆ ಬಿಟ್ಟರೆ ತೇಲುವ ಎಣ್ಣೆ ಹಲಗೆಯ ಹಿಂದೆ ನಿಲ್ಲುತ್ತದೆ.

ತೇಲು ತಡೆಗಳನ್ನು ಕಟ್ಟುವಾಗ ನೀರಿನ ಸೆಳೆತವನ್ನು ಅಳೆಯುವುದು ಅಗತ್ಯ. ಸೆಳೆತಕ್ಕೆ ನೇರ ಅಡ್ಡವಾಗಿ ಕಟ್ಟಿದ ತಡೆ ಸೆಕೆಂಡಿಗೆ ಸುಮಾರು 0.35 ಮೀಟರ್ ವೇಗದವರೆಗೆ ಮಾತ್ರ ಎಣ್ಣೆಯನ್ನು ಹಿಡಿಯುತ್ತದೆ. ಅದಕ್ಕಿಂತ ಹೆಚ್ಚಾದರೆ ಎಣ್ಣೆ ತಡೆಯ ಕೆಳಗೆ ನುಸುಳುತ್ತದೆ. ದಡದಲ್ಲಿ 10 ಮೀಟರ್ ಅಂತರದಲ್ಲಿ ಎರಡು ಗೂಟ ನೆಟ್ಟು, ಒಂದು ತೆಂಗಿನಕಾಯಿಯನ್ನು ನೀರಿಗೆ ಬಿಟ್ಟು ಸಮಯ ನೋಡಬೇಕು. 30 ಸೆಕೆಂಡಿಗಿಂತ ಬೇಗ ಅದು ದಾಟಿದರೆ ನೇರ ತಡೆ ವ್ಯರ್ಥ. ಅಂತಹ ಕಡೆ ತಡೆಯನ್ನು ಓರೆಯಾಗಿ ಕಟ್ಟಿ, ಎಣ್ಣೆಯನ್ನು ಶಾಂತವಾದ ಮೂಲೆಗೆ ತಿರುಗಿಸಿ ಅಲ್ಲಿ ಸಂಗ್ರಹಿಸಬೇಕು. ಸರ್ಕಾರಿ ಸಾಮಗ್ರಿ ಬರುವವರೆಗೆ ಬಲೆಯೊಳಗೆ ತೆಂಗಿನ ನಾರು ಅಥವಾ ಒಣಹುಲ್ಲು ತುಂಬಿ, ಬಿದಿರು ಕಟ್ಟಿ ತೇಲು ತಡೆ ಮಾಡಿಕೊಳ್ಳಬಹುದು. ಹುಲ್ಲನ್ನು ಬಿಡಿಯಾಗಿ ನೀರಿಗೆ ಎರಚಬಾರದು. ಎಣ್ಣೆ ಹೀರಿದ ಹುಲ್ಲನ್ನು ಮತ್ತೆ ಹೆಕ್ಕುವುದು ಅಸಾಧ್ಯ.

ಕಾಂಡ್ಲಾ ಗಿಡಗಳು ಕೆಸರಿನಿಂದ ಮೇಲೆದ್ದ ಬೇರುಗಳ ಮೂಲಕ ಉಸಿರಾಡುತ್ತವೆ. ಎಣ್ಣೆ ಆ ಬೇರುಗಳನ್ನು ಮುಚ್ಚುತ್ತದೆ. ಶುಚಿಗೊಳಿಸುವ ಉತ್ಸಾಹದಲ್ಲಿ ಜನ ಒಳಹೊಕ್ಕು ತುಳಿದರೆ ಎಣ್ಣೆ ಕೆಸರಿನ ಆಳಕ್ಕಿಳಿಯುತ್ತದೆ. ಆದ್ದರಿಂದ ಅರಣ್ಯ ಇಲಾಖೆಯ ಸೂಚನೆಯಿಲ್ಲದೆ ಕಾಂಡ್ಲಾ ಕಾಡಿನೊಳಗೆ ಯಾರೂ ಇಳಿಯಬಾರದು. ಕೆಲವೊಮ್ಮೆ ಏನನ್ನೂ ಮಾಡದಿರುವುದೇ ಸರಿಯಾದ ಕ್ರಮವಾಗಿರುತ್ತದೆ. ಇದನ್ನು ಜನರಿಗೆ ವಿವರಿಸುವುದೂ ಸದಸ್ಯರ ಕೆಲಸ. ಎಣ್ಣೆ ಚದುರಿಸುವ ರಾಸಾಯನಿಕವನ್ನು ಸಹ ತಟರಕ್ಷಕ ಪಡೆಯ ಅನುಮತಿಯಿಲ್ಲದೆ ಯಾರೂ ಬಳಸುವಂತಿಲ್ಲ.

6. ಮರಳು ದಂಡೆಯ ಶುಚಿಕಾರ್ಯ ಮತ್ತು ತ್ಯಾಜ್ಯ

ದಂಡೆಗೆ ಜೆಸಿಬಿ ಇಳಿಸಬೇಕೆಂಬ ಒತ್ತಾಯ ಮೊದಲ ದಿನವೇ ಬರುತ್ತದೆ. ಅದಕ್ಕೆ ಮುನ್ನ ಈ ಲೆಕ್ಕವನ್ನು ನೋಡಬೇಕು. 1 ಕಿ.ಮೀ. ಉದ್ದ, 2 ಮೀಟರ್ ಅಗಲದ ಪಟ್ಟಿಯಲ್ಲಿ ಎಣ್ಣೆ ಬಿದ್ದಿದೆ ಎಂದು ಭಾವಿಸಿದರೆ, ಸಲಿಕೆಯಿಂದ ಮೇಲಿನ 5 ಸೆಂ.ಮೀ. ಮಾತ್ರ ತೆಗೆದಾಗ 100 ಘನ ಮೀಟರ್, ಅಂದರೆ ಸುಮಾರು 160 ಟನ್ ಮರಳು ಸಿಗುತ್ತದೆ. ಯಂತ್ರ 30 ಸೆಂ.ಮೀ. ಬಗೆದರೆ ಅದೇ ಪಟ್ಟಿಯಿಂದ 600 ಘನ ಮೀಟರ್, ಸುಮಾರು 960 ಟನ್. ಎಣ್ಣೆಯ ಪ್ರಮಾಣ ಎರಡರಲ್ಲೂ ಒಂದೇ. ವಿಲೇವಾರಿಯ ಹೊರೆ ಮಾತ್ರ ಆರು ಪಟ್ಟು. ಜೊತೆಗೆ ದಂಡೆ ಸವೆದು ಕಡಲ್ಕೊರೆತಕ್ಕೆ ದಾರಿಯಾಗುತ್ತದೆ.

1999ರ ಡಿಸೆಂಬರ್‌ನಲ್ಲಿ ಫ್ರಾನ್ಸ್‌ನ ಬ್ರಿಟಾನಿ ತೀರದಾಚೆ ‘ಎರಿಕಾ’ ಟ್ಯಾಂಕರ್ ಒಡೆದಾಗ ಸೋರಿದ್ದು ಸುಮಾರು 20,000 ಟನ್ ಎಣ್ಣೆ. ತೀರದಿಂದ ತೆಗೆದ ತ್ಯಾಜ್ಯ 2 ಲಕ್ಷ ಟನ್‌ಗೂ ಅಧಿಕ. ಹೆಚ್ಚಿನದು ಮರಳು ಮತ್ತು ಕಸ.

ಆದ್ದರಿಂದ ಸಲಿಕೆ, ಕುಂಟೆಗಳಿಂದ ಮೇಲ್ಪದರವನ್ನಷ್ಟೇ ಒಟ್ಟುಗೂಡಿಸಬೇಕು. ಚೀಲಕ್ಕೆ 10 ಕೆ.ಜಿ.ಗಿಂತ ಹೆಚ್ಚು ತುಂಬಬಾರದು. ಭಾರವಾದ ಚೀಲ ಹರಿಯುತ್ತದೆ, ಹೊರುವವರ ಬೆನ್ನೂ ಕೆಡುತ್ತದೆ. ದ್ರವ ಎಣ್ಣೆ, ಎಣ್ಣೆ ಮರಳು, ಎಣ್ಣೆ ಹತ್ತಿದ ಕಸ ಈ ಮೂರನ್ನು ಪ್ರತ್ಯೇಕವಾಗಿಡಬೇಕು. ತಾತ್ಕಾಲಿಕ ಸಂಗ್ರಹ ಸ್ಥಳವು ಅತಿ ಎತ್ತರದ ಉಬ್ಬರವೂ ಮುಟ್ಟದ, ಕುಡಿಯುವ ನೀರಿನ ಬಾವಿಗಳಿಂದ ದೂರವಿರುವ ಜಾಗದಲ್ಲಿದ್ದು, ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಮಳೆ ಬೀಳದಂತೆ ಮುಚ್ಚಿರಬೇಕು. ಎಣ್ಣೆ ತ್ಯಾಜ್ಯವನ್ನು ದಂಡೆಯಲ್ಲಿ ಹೂಳುವುದು, ಸುಡುವುದು, ಪಂಚಾಯತಿಯ ಕಸದ ಘಟಕಕ್ಕೆ ಒಯ್ಯುವುದು ಸಲ್ಲದು. ಅದು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುವುದರಿಂದ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂಚನೆಯಂತೆಯೇ ಸಾಗಬೇಕು.

ಕೆಲಸಕ್ಕಿಳಿಯುವವರಿಗೆ ಕೈಗವಸು, ಗಂಬೂಟು, ಮೈಮುಚ್ಚುವ ಬಟ್ಟೆ ಕಡ್ಡಾಯ. ಮಕ್ಕಳು, ಗರ್ಭಿಣಿಯರು, ಉಬ್ಬಸವಿರುವವರು ದಂಡೆಗೆ ಬರಬಾರದು. ಚರ್ಮಕ್ಕೆ ಹತ್ತಿದ ಎಣ್ಣೆಯನ್ನು ಸೀಮೆಎಣ್ಣೆ, ಪೆಟ್ರೋಲ್‌ಗಳಿಂದ ತೊಳೆಯದೆ, ತೆಂಗಿನೆಣ್ಣೆಯಿಂದ ಒರೆಸಿ ಸಾಬೂನಿನಿಂದ ತೊಳೆಯಬೇಕು. ತಲೆನೋವು, ವಾಂತಿ, ಕಣ್ಣುರಿ ಕಂಡವರನ್ನು ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಿ ಹೆಸರು ದಾಖಲಿಸಬೇಕು.

ಎಣ್ಣೆಗಿಂತ ವೇಗವಾಗಿ ಹರಡುವುದು ವದಂತಿ. ‘ಎಲ್ಸಾ 3’ ಮುಳುಗಿದಾಗ ಮೀನು ತಿನ್ನಬಹುದೇ ಎಂಬ ಶಂಕೆ ಎದ್ದು, ಸರ್ಕಾರ ಸ್ಪಷ್ಟನೆ ನೀಡಬೇಕಾಯಿತು. ಮೀನುಗಾರಿಕೆ ಇಲಾಖೆಯ ಪರೀಕ್ಷಾ ಫಲಿತಾಂಶವನ್ನು, ಅದು ಅನುಕೂಲವಿರಲಿ ಪ್ರತಿಕೂಲವಿರಲಿ, ಪಂಚಾಯತಿಯ ಫಲಕದಲ್ಲಿ ಅದೇ ದಿನ ಪ್ರಕಟಿಸಬೇಕು. ಎಣ್ಣೆ ಬಿದ್ದ ಅಳಿವೆಯ ಕಪ್ಪೆಚಿಪ್ಪನ್ನು ಪರೀಕ್ಷೆಯಾಗುವವರೆಗೆ ಹೆಕ್ಕದಂತೆ ತಿಳಿಸಬೇಕು. ಅವು ನೀರನ್ನು ಸೋಸಿ ಬದುಕುವ ಜೀವಿಗಳಾದ್ದರಿಂದ ಎಣ್ಣೆಯ ಅಂಶ ಅವುಗಳಲ್ಲಿ ಶೇಖರವಾಗುತ್ತದೆ.

7. ಪರಿಹಾರ: ಲೆಕ್ಕದಲ್ಲಿ ಇಲ್ಲದವರು

ಪಾಠದ ಅತ್ಯಂತ ಮುಖ್ಯ ಭಾಗ ಇದು. ಟ್ಯಾಂಕರಿನ ಎಣ್ಣೆಗೂ, ಇತರ ಹಡಗುಗಳ ಇಂಧನಕ್ಕೂ ಸಂಬಂಧಿಸಿದ ಅಂತರರಾಷ್ಟ್ರೀಯ ಒಪ್ಪಂದಗಳಿಗೆ ಭಾರತ ಸದಸ್ಯನಾಗಿದೆ. ಅವುಗಳಂತೆ ಮಾಲಿನ್ಯದ ನಷ್ಟವನ್ನು ಹಡಗಿನ ಮಾಲೀಕ ತುಂಬಿಕೊಡಬೇಕು. ನಿಗದಿತ ಗಾತ್ರಕ್ಕಿಂತ ದೊಡ್ಡ ಹಡಗುಗಳಿಗೆ ವಿಮೆ ಕಡ್ಡಾಯ. ಶುಚಿಕಾರ್ಯದ ವೆಚ್ಚ, ಬಲೆ-ದೋಣಿಗಳ ಹಾನಿ, ದುಡಿಮೆಯ ನಷ್ಟ ಇವೆಲ್ಲವನ್ನು ಕೇಳಬಹುದು. ನಷ್ಟವಾದ ದಿನದಿಂದ ಮೂರು ವರ್ಷದೊಳಗೆ ಹಕ್ಕು ಮಂಡಿಸದಿದ್ದರೆ ಅದು ಕಳೆದುಹೋಗುತ್ತದೆ. ‘ಎರಿಕಾ’ ಪ್ರಕರಣದಲ್ಲಿ ತೀರದ ಸ್ಥಳೀಯ ಸಂಸ್ಥೆಗಳೇ ನ್ಯಾಯಾಲಯದಲ್ಲಿ ಪರಿಹಾರ ಕೇಳಿದವು. ಪರಿಸರಕ್ಕಾದ ಹಾನಿಗೂ ಪರಿಹಾರ ಸಲ್ಲಬೇಕೆಂಬುದನ್ನು 2012ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು.

ಆದರೆ ಪರಿಹಾರ ಸಲ್ಲುವುದು ನಷ್ಟಕ್ಕಲ್ಲ, ಸಾಬೀತಾದ ನಷ್ಟಕ್ಕೆ. 2023ರ ಡಿಸೆಂಬರ್‌ನಲ್ಲಿ ಪ್ರವಾಹದ ನೀರಿನೊಡನೆ ಎಣ್ಣೂರು ಅಳಿವೆಗೆ ಎಣ್ಣೆ ಹರಿದಾಗ ತಮಿಳುನಾಡು ಸರ್ಕಾರ ಬಾಧಿತ ಕುಟುಂಬಕ್ಕೆ 12,500 ರೂ., ಹಾನಿಗೊಂಡ ದೋಣಿಗೆ 10,000 ರೂ. ಘೋಷಿಸಿತು. ಹೀಗೆ ಪರಿಹಾರ ಯಾವಾಗಲೂ ಪಟ್ಟಿಯ ಆಧಾರದಲ್ಲಿ ಸಲ್ಲುತ್ತದೆ. ನೋಂದಣಿಯಾದ ದೋಣಿಯುಳ್ಳವರು ಪಟ್ಟಿಯಲ್ಲಿರುತ್ತಾರೆ. ಸಹಕಾರ ಸಂಘದ ಸದಸ್ಯರಿಗೆ ಹರಾಜಿನ ಚೀಟಿ ಇರುತ್ತದೆ. ಇಳಿತದ ನೀರಿನಲ್ಲಿ ಸೊಂಟದವರೆಗೆ ಇಳಿದು ಕಪ್ಪೆಚಿಪ್ಪು ಹೆಕ್ಕಿ, ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಮಾರುವ ಮಹಿಳೆಗೆ ದೋಣಿಯಿಲ್ಲ, ಪರವಾನಗಿಯಿಲ್ಲ, ಚೀಟಿಯಿಲ್ಲ.

ಒಂದು ಮಾದರಿ ಲೆಕ್ಕ: ಅಂತಹ ಒಬ್ಬ ಮಹಿಳೆ ದಿನಕ್ಕೆ 400 ರೂ. ಗಳಿಸುತ್ತಾಳೆ, ತಿಂಗಳಿಗೆ 20 ದಿನ ಅಳಿವೆಗೆ ಇಳಿಯುತ್ತಾಳೆ ಎಂದು ಭಾವಿಸಿದರೆ, ಮೂರು ತಿಂಗಳು ಅಳಿವೆ ಮುಚ್ಚಿದಾಗ ಆಕೆಯ ನಷ್ಟ 24,000 ರೂ. ಅಂತಹ 60 ಮಹಿಳೆಯರಿರುವ ಗ್ರಾಮದ ನಷ್ಟ 14,40,000 ರೂ. ಕಾಗದದ ಮೇಲೆ ಅದು ಸೊನ್ನೆ. ಆ ಸೊನ್ನೆಯನ್ನು ತಿದ್ದಬಲ್ಲ ಸಂಸ್ಥೆ ಗ್ರಾಮ ಪಂಚಾಯತಿಯೊಂದೇ. ಯಾರು ಯಾವ ಹೊತ್ತಿಗೆ ಎಲ್ಲಿ ನೀರಿಗಿಳಿಯುತ್ತಾರೆಂದು ವಾರ್ಡಿನ ಸದಸ್ಯರಿಗೆ ಗೊತ್ತಿರುವಷ್ಟು ಬೇರಾವ ಕಚೇರಿಗೂ ಗೊತ್ತಿರುವುದಿಲ್ಲ.

ಇದಕ್ಕೆ ಪಂಚಾಯತಿ ಕೈಗೊಳ್ಳಬಹುದಾದ ಕ್ರಮಗಳು:

– ಕಡಲು ಮತ್ತು ಅಳಿವೆಯನ್ನು ನಂಬಿದ ಪ್ರತಿ ದುಡಿಮೆಗಾರರ ವಾರ್ಡುವಾರು ವಹಿ: ಹೆಸರು, ಕೆಲಸ, ಸ್ಥಳ, ವರ್ಷದ ಯಾವ ತಿಂಗಳು, ಸರಾಸರಿ ಗಳಿಕೆ. ಮೀನು ಒಣಗಿಸುವವರು, ಹೊತ್ತು ಮಾರುವವರು, ಬಲೆ ಹೆಣೆಯುವವರು ಇದರಲ್ಲಿ ಸೇರಬೇಕು. ಸಂಜೀವಿನಿ ಒಕ್ಕೂಟದ ನೆರವಿನಿಂದ ಇದನ್ನು ಸಿದ್ಧಪಡಿಸಿ ಗ್ರಾಮಸಭೆಯಲ್ಲಿ ಓದಿ, ಠರಾವು ಮಾಡಿ, ಪ್ರತಿವರ್ಷ ಪರಿಷ್ಕರಿಸಬೇಕು. ಘಟನೆಗೆ ಮೊದಲೇ ಅಂಗೀಕಾರವಾದ ವಹಿಗೆ ಇರುವ ತೂಕ ಘಟನೆಯ ನಂತರ ಬರೆದ ಪಟ್ಟಿಗೆ ಇರುವುದಿಲ್ಲ.

– ಜೀವವೈವಿಧ್ಯ ನಿರ್ವಹಣಾ ಸಮಿತಿಯ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಕಪ್ಪೆಚಿಪ್ಪಿನ ನೆಲೆ, ಕಾಂಡ್ಲಾ, ಆಮೆ ಮೊಟ್ಟೆಯಿಡುವ ದಂಡೆಗಳನ್ನು ಸ್ಥಳಸಹಿತ ನಮೂದಿಸುವುದು.

– ಹಾನಿಯಾದ ದಿನವೇ ಕಂದಾಯ ಮತ್ತು ಮೀನುಗಾರಿಕೆ ಇಲಾಖೆಯವರ ಸಮಕ್ಷಮ ಮಹಜರು ನಡೆಸುವುದು. ಎಣ್ಣೆ ಹತ್ತಿದ ಬಲೆಯನ್ನು ಮಹಜರಿಗೆ ಮೊದಲು ಎಸೆಯದಂತೆ ತಿಳಿಸುವುದು.

– ಪಂಚಾಯತಿ ತಾನು ಮಾಡಿದ ವೆಚ್ಚಕ್ಕೂ ಲೆಕ್ಕವಿಡುವುದು: ಎಷ್ಟು ಜನ, ಎಷ್ಟು ಗಂಟೆ, ಯಾವ ವಾಹನ, ಎಷ್ಟು ಚೀಲ. ದಿನವಹಿಯಿಲ್ಲದ ವೆಚ್ಚಕ್ಕೆ ಪರಿಹಾರವಿಲ್ಲ.

8. ಮಳೆಗಾಲಕ್ಕೆ ಮುನ್ನ

ಮೇ ತಿಂಗಳ ಸಾಮಾನ್ಯ ಸಭೆಯಲ್ಲಿ ಈ ವಿಷಯಗಳನ್ನು ಪರಿಶೀಲಿಸಿ ನಡವಳಿಯಲ್ಲಿ ದಾಖಲಿಸುವುದು ಸೂಕ್ತ: ದೂರವಾಣಿ ಸಂಖ್ಯೆಗಳ ಫಲಕ; ಗಜನಿ ಬಾಗಿಲುಗಳ ಹೊಣೆಗಾರರ ಪಟ್ಟಿ; ತಾತ್ಕಾಲಿಕ ತ್ಯಾಜ್ಯ ಸಂಗ್ರಹಕ್ಕೆ ಗುರುತಿಸಿದ ಜಾಗ; ಸಲಿಕೆ, ಕೈಗವಸು, ಚೀಲಗಳ ದಾಸ್ತಾನು; ದುಡಿಮೆಗಾರರ ವಹಿಯ ಪರಿಷ್ಕರಣೆ; ದಂಡೆ ಮತ್ತು ಅಳಿವೆಯ ಆ ವರ್ಷದ ಛಾಯಾಚಿತ್ರಗಳು. ಎಣ್ಣೆ ಬಾರದೆಯೇ ಹೋದರೂ ಈ ಸಿದ್ಧತೆ ಚಂಡಮಾರುತಕ್ಕೆ, ಕಡಲ್ಕೊರೆತಕ್ಕೆ, ನೆರೆಗೆ ಉಪಯೋಗವಾಗುತ್ತದೆ.

ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1. ಇಂದು ರಾತ್ರಿಯ ಉಬ್ಬರದೊಡನೆ ಎಣ್ಣೆ ಬಂದರೆ ಗ್ರಾಮದಲ್ಲಿ ಮೊದಲು ಕಾಪಾಡಬೇಕಾದ ಸ್ಥಳ ಯಾವುದು? ಏಕೆ?

2. ಅಳಿವೆಯ ಮುಖದಲ್ಲಿ ಸೆಳೆತದ ವೇಗ ಎಷ್ಟು? ತೆಂಗಿನಕಾಯಿಯ ಪರೀಕ್ಷೆಯನ್ನು ಉಬ್ಬರದಲ್ಲೊಮ್ಮೆ, ಇಳಿತದಲ್ಲೊಮ್ಮೆ ಮಾಡಿ ಬರೆದಿಡಿ.

3. ಎಣ್ಣೆ ತ್ಯಾಜ್ಯದ 1,000 ಚೀಲಗಳನ್ನು ಹದಿನೈದು ದಿನ ಇಡಲು ಜಾಗ ಎಲ್ಲಿದೆ? ಅದರ ಸಮೀಪದ ಬಾವಿ ಎಷ್ಟು ದೂರದಲ್ಲಿದೆ?

4. ಪ್ರತಿ ಸದಸ್ಯರು ತಮ್ಮ ವಾರ್ಡಿನಲ್ಲಿ ದೋಣಿಯಿಲ್ಲದೆ ಕಡಲನ್ನು ನಂಬಿರುವ ಐದು ಮನೆಗಳನ್ನು ಹೆಸರಿಸಬೇಕು. ಆ ಮನೆಗಳು ಈಗ ಯಾವ ಇಲಾಖೆಯ ಯಾವ ಪಟ್ಟಿಯಲ್ಲಿವೆ?